ಹಿಂದಿನ ಕೋಣೆಯ ಒಲೆ

ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಗಾದೆಯನ್ನು ಆ ಮನೆಯಲ್ಲಿ ಮೊದಲು ಆಡಿದವನು ಗಂಡ. ಆಡಿದ್ದು ತಮಾಷೆಗೆ. ಅದನ್ನು ನಿಜ ಮಾಡಿದವಳು ಹೆಂಡತಿ.

ಅವತ್ತು ಶಾಲೆಗೆ ರಜೆ. ಶಾಲೆಯ ಬಸ್ಸು ಓಡಿಸುವ ಗಂಡ ಮನೆಯಲ್ಲೇ ಇದ್ದ. ವೈರಿಂಗ್ ಕೆಲಸ ಕಲಿಯುತ್ತಿದ್ದ ಮಗಳೂ ಇದ್ದಳು. ಮೇಜಿನ ಆ ತುದಿಗೆ, ಗೋಡೆಗೆ ಬೆನ್ನು ಕೊಟ್ಟ ಕುರ್ಚಿಯಲ್ಲಿ ಮಾವ ಕೂತಿದ್ದರು. ವಿದ್ಯುತ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಮನೆಮನೆ ಸುತ್ತಿ ಮೀಟರ್ ನೋಡಿ ಬರೆದವರು. ಕೆಲಸ ಬಿಟ್ಟು ಹದಿನಾಲ್ಕು ವರ್ಷವಾಗಿದ್ದರೂ ಊರಿಗೆಲ್ಲ ಅವರು ಮೀಟರ್ ತಾತನೇ. ಸೊಸೆ ನಿಂತುಕೊಂಡೇ ಬಡಿಸುತ್ತಿದ್ದಳು. ರೇಡಿಯೋದಲ್ಲಿ ಇಬ್ಬರು ದೊಡ್ಡವರು ಜಗಳಕ್ಕೆ ಬಿದ್ದಿದ್ದರು. ಬಿಸಿಲಿನ ಕರೆಂಟಿಗೆ ಸರ್ಕಾರ ಸಬ್ಸಿಡಿ ಕೊಡಬೇಕೋ, ನಿಲ್ಲಿಸಬೇಕೋ ಅಂತ.

"ನಿಲ್ಲಿಸಬೇಕು," ಅಂದರು ಮಾವ, ರೇಡಿಯೋದವರೊಂದಿಗೆ ತಾವೂ ಕೂತವರ ಹಾಗೆ. "ಸ್ವಂತ ಸೂರಿರೋನ ತಲೆ ಮೇಲೆ ಸರ್ಕಾರ ಸೋಲಾರ್ ಹಲಗೆ ಹಾಕ್ಕೊಡುತ್ತೆ. ಅವನ ಬಿಲ್ಲು ಇಳಿಯುತ್ತೆ. ಕಂಬ ನೆಟ್ಟಗೆ ಮಾಡೋ ಖರ್ಚು, ತಂತಿ ಬಿಗಿಯೋ ಖರ್ಚು ಇಳಿಯುತ್ತಾ? ಅದನ್ನ ಯಾರು ಹೊರಬೇಕು? ಬಾಡಿಗೆ ಕೋಣೇಲಿ ಬಿದ್ದಿರೋನು."

"ತಾತ, ನಿಮ್ಮ ಕಂಬ ನೆಟ್ಟಿದ್ದು ಯಾರ ದುಡ್ಡಲ್ಲಿ?" ಮಗಳು ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದಳು. "ಕಲ್ಲಿದ್ದಲು ಸುಡೋರಿಗೆ ವರ್ಷಗಟ್ಟಲೆ ಕೊಟ್ಟಾಗ ಯಾರೂ ರೇಡಿಯೋದಲ್ಲಿ ಕಿರುಚಲಿಲ್ಲ. ಯಾವ ಮಗು ಆದ್ರೂ ಕೈ ಹಿಡೀದೆ ನಡೆಯೋದು ಕಲಿಯುತ್ತಾ?"

"ಕೈ ಹಿಡೀಲಿ ಕಣಮ್ಮ. ಸೊಂಟದ ಮೇಲೆ ಎತ್ಕೊಂಡೇ ಓಡಾಡೋದು ಬೇಡ."

"ಮಗು ನಮ್ಮನೆಗೂ ಬರೋದಾದ್ರೆ ಎತ್ಕೊಳ್ಳೋಣ ಬಿಡಿ," ಅಂದ ಗಂಡ. ಎಲ್ಲರೂ ನಕ್ಕರು.

ಬರುವುದು ಗೊತ್ತೇ ಇತ್ತು. ಸೋಲಾರ್ ಯೋಜನೆಯಲ್ಲಿ ಊರಿಗೆ ನಲವತ್ತು ಮನೆ ಅಂತ ನಿಗದಿಯಾಗಿ, ಇವರ ಮನೆಗೆ ಹದಿನೇಳನೇ ನಂಬರು ಸಿಕ್ಕಿತ್ತು. ಆದರೆ ಒಂದು ಸಂಸಾರಕ್ಕೆ ಕೊಡುವ ಹಲಗೆ, ಬ್ಯಾಟರಿ ಎರಡೂ ಸೇರಿ ದೀಪಕ್ಕೂ ಫ್ಯಾನಿಗೂ ಸರಿ. ಸೊಸೆಯ ಪೆಟ್ಟಿಗೆಗೆ ಸಾಲದು.

ಪೆಟ್ಟಿಗೆ ಅಂದರೆ ಮರಿ ಮಾಡುವ ಯಂತ್ರ. ನೂರಾ ಅರವತ್ತು ಮೊಟ್ಟೆ ಹಿಡಿಯುತ್ತದೆ. ಊರವರು ತಂದುಕೊಟ್ಟ ಮೊಟ್ಟೆ ಇಟ್ಟು, ದಿನಕ್ಕೆ ಮೂರು ಸಲ ಮಗ್ಗುಲು ತಿರುಗಿಸಿ, ಇಪ್ಪತ್ತೊಂದನೇ ದಿನ ಮರಿ ಎಣಿಸಿ ಕೊಡುವುದು ಅವಳ ಕೆಲಸ. ಹತ್ತು ಮರಿಗೆ ಎರಡು ಅವಳದು. ಊರಲ್ಲಿ ಅವಳನ್ನು ಮೊಟ್ಟೆಯಕ್ಕ ಅನ್ನುತ್ತಿದ್ದರು. ಹೋದ ತಿಂಗಳು ಹತ್ತೊಂಬತ್ತನೇ ದಿನ ಕರೆಂಟು ಹೋಗಿ ಏಳು ಗಂಟೆ ಬರಲಿಲ್ಲ. ಒಂದೊಂದೇ ಮೊಟ್ಟೆ ಎತ್ತಿ ಕಿವಿಗೆ ಹಿಡಿದು ನೋಡಿದ್ದಳು. ಒಂದರೊಳಗೂ ಚಿಲಿ ಅನ್ನಲಿಲ್ಲ. ಮೊಟ್ಟೆ ಕೊಟ್ಟವರ ಮನೆಗಳಿಗೆ ಒಂದೊಂದಾಗಿ ಹೋಗಿ ಹೇಳಿ ಬಂದಿದ್ದಳು.

"ಎರಡು ಸಬ್ಸಿಡಿ ಸಿಕ್ಕಿದ್ರೆ ಪೆಟ್ಟಿಗೆಗೆ ಕರೆಂಟಿನ ಹಂಗೇ ಇರ್ತಿರಲಿಲ್ಲ," ಅಂದಳು ಬಡಿಸುತ್ತಾ.

ಆಗಲೇ ಗಂಡ ಆ ಗಾದೆ ಹೇಳಿದ್ದು. "ನನಗೊಂದು ಸಿಕ್ಕಿದೆ. ಇನ್ನು ನಮ್ಮಪ್ಪನಿಗೊಂದು."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹಿಂದಿನ ಕೋಣೆಗೆ ಬೇರೆ ಮೀಟರ್ ಇತ್ತು. ಹಿಂದೆ ಯಾರೋ ಬಾಡಿಗೆಗಿದ್ದಾಗ ಹಾಕಿಸಿದ್ದು. ಮಾವ ಮಲಗುವುದು ಅಲ್ಲೇ. ಮೀಟರ್ ಬೇರೆ, ಒಲೆ ಬೇರೆ ಇದ್ದರೆ ಸಂಸಾರವೂ ಬೇರೆ ಅಂತ ಅರ್ಜಿಯ ಬೆನ್ನಿಗೇ ಅಚ್ಚು ಹಾಕಿದ್ದರು.

"ಮಾವ, ನಿಮ್ಮ ಹೆಸರಲ್ಲಿ ಒಂದು ಹಾಕೋಣ. ನೀವು ಬೇರೆ ಇದೀರಿ ಅಂತ."

"ನಾನು ಬೇರೆ ಎಲ್ಲಿದೀನಿ? ಇಲ್ಲೇ ಉಣ್ತಿದೀನಲ್ಲ."

"ಕಾಗದಕ್ಕೆ ಮಾತ್ರ."

"ಕಾಗದಕ್ಕೆ ಒಂದು, ಕಣ್ಣಿಗೆ ಒಂದು ಬರೆದಿದ್ರೆ ನಾನು ಇಷ್ಟು ಹೊತ್ತಿಗೆ ಎರಡಂತಸ್ತಿನ ಮನೇಲಿ ಇರ್ತಿದ್ದೆ," ಅಂದು ಮಾವ ಕೈ ತೊಳೆಯಲು ಎದ್ದರು.

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಸುಮ್ಮನಿರಲಿಲ್ಲ.

"ನಿಮ್ಮ ಕಂಬದ ಕರೆಂಟೇ ಅಲ್ವಾ ಮಾವ ಹೋಗಿದ್ದು? ನೂರಾ ಅರವತ್ತು ಜೀವ. ಅದನ್ನ ಯಾವ ಮೀಟರಲ್ಲಿ ನೋಡಿ ಬರೀತೀರಿ?"

ಮಾವ ನಲ್ಲಿಯ ಕೆಳಗೆ ಹಿಡಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ನೀರು ಸುಮ್ಮನೆ ಹರಿಯಿತು. ನೀರಾಗಲಿ ದೀಪವಾಗಲಿ ಸುಮ್ಮನೆ ಪೋಲು ಮಾಡುವ ಮನುಷ್ಯ ಅಲ್ಲ ಅವರು. ಮರುದಿನ ಬೆಳಗ್ಗೆ ಮೊಮ್ಮಗಳ ಕೈಯಿಂದ ಅರ್ಜಿ ತೆಗೆದುಕೊಂಡು, ಓದದೆ ಸಹಿ ಹಾಕಿದರು.

*

ತಪಾಸಣೆಯವನು ಬರುವ ದಿನ ಅಟ್ಟದ ಮೇಲಿದ್ದ ಒಂಟಿ ಬರ್ನರಿನ ಒಲೆಯನ್ನು ಇಳಿಸಿದರು. ಸೊಸೆ ಅದನ್ನು ತಿಕ್ಕಿ ಹಿಂದಿನ ಕೋಣೆಯ ಕಿಟಕಿ ಕೆಳಗೆ ಇಟ್ಟಳು. ಒಂದು ಪಾತ್ರೆ, ಒಂದು ತಟ್ಟೆ, ಉಪ್ಪಿನ ಡಬ್ಬಿ, ಬುಟ್ಟಿಯಲ್ಲಿ ನಾಲ್ಕು ಈರುಳ್ಳಿ, ಆರು ಆಲೂಗಡ್ಡೆ. ನಾಟಕದವರು ರಂಗ ಕಟ್ಟಿದ ಹಾಗೆ ಒಂದೊಂದನ್ನೂ ಸರಿಸಿ ಸರಿಸಿ ನೋಡಿದಳು.

ಬಂದವನಿಗೆ ಮೂವತ್ತರ ಒಳಗಿನ ವಯಸ್ಸು. ಬಿಸಿಲಲ್ಲಿ ಸೂರು ಅಳೆದು ಬಂದು ಬೆವರು ಒರೆಸಿಕೊಳ್ಳುತ್ತಾ ಒಲೆ ನೋಡಿದ.

"ಭಾರಿ ಥಳಥಳ ಅನ್ನುತ್ತಲ್ಲ. ಒಂದು ಕಲೆ ಇಲ್ಲ."

"ತೊಳೆದಿದೀವಿ," ಅಂದಳು ಸೊಸೆ. ದನಿ ಅವಳಿಗೇ ತೆಳುವಾಗಿ ಕೇಳಿಸಿತು.

ಅವನು ಮಾವನ ಕಡೆ ತಿರುಗಿದ. "ತಾತ, ನೀವೇ ಬೇಯಿಸ್ಕೊಳ್ತೀರಾ?"

ಮಾವ ಒಲೆ ನೋಡಿದರು. ಗೋಡೆ ಮೇಲಿನ ಮೀಟರ್ ನೋಡಿದರು. ಕೊನೆಗೆ ಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತಾ ನಿಂತ ಸೊಸೆಯನ್ನು ನೋಡಿದರು.

"ಹೌದು. ನಾನು ಬೇರೆ."

"ಯಾಕೆ, ಸೊಸೆ ಊಟ ಹಾಕಲ್ವಾ?" ಅವನು ನಗುತ್ತಾ ಕೇಳಿದ.

"ಹಾಕ್ತಾಳೆ. ಅವಳದೇನೂ ತಪ್ಪಿಲ್ಲ. ನಾನೇ ಬೇಡ ಅಂದೆ."

ಅವನು ಬರೆದುಕೊಂಡ. ಐದು ವರ್ಷ ಹೀಗೇ ಇರಬೇಕು, ನಡುವೆ ಯಾವಾಗ ಬೇಕಾದರೂ ಬಂದು ನೋಡುತ್ತೇವೆ ಅಂದ. ಮೀಟರ್ ಪೆಟ್ಟಿಗೆಗೆ ಹಳದಿ ಚೀಟಿಯೊಂದನ್ನು ಅಂಟಿಸಿದ. ಅದರ ಮೇಲೆ ನಲವತ್ತು ಅಂತಿತ್ತು.

"ಕೊನೇದು ನಿಮ್ಮದೇ. ಅದೃಷ್ಟವಂತರು," ಅಂದು ಹೊರಟ.

ಅವತ್ತು ಸಂಜೆ ಸೊಸೆ ಮೊಟ್ಟೆ ಬೇಯಿಸಿ, ಬೇಳೆಗೆ ಎರಡು ಬೆಳ್ಳುಳ್ಳಿ ಹೆಚ್ಚಿಗೆ ಹಾಕಿದಳು. ಮಾವನಿಗೆ ಇಷ್ಟ ಅಂತ. ನಾಲ್ಕು ತಟ್ಟೆ ಇಟ್ಟಳು. ಮಾವ ಬರಲಿಲ್ಲ. ಹಿಂದಿನ ಕೋಣೆಯಿಂದ ಈರುಳ್ಳಿ ಸೀದ ವಾಸನೆ ಬಂತು.

ಓಡಿ ಹೋಗಿ ನೋಡಿದರೆ, ಮಾವ ಕಣ್ಣಲ್ಲಿ ನೀರು ಸುರಿಸಿಕೊಂಡು ಪಾತ್ರೆಯೊಳಗೆ ಚಮಚ ಆಡಿಸುತ್ತಿದ್ದರು.

"ಇದೇನು ಮಾವ? ಬನ್ನಿ, ಊಟ ಆರುತ್ತೆ."

"ನಾನು ಬೇರೆ ಅಂದಿದೀನಲ್ಲ."

"ಅದು ಬಾಯಿಮಾತಿಗೆ. ಅವನು ಹೋಗಿ ಆಯ್ತಲ್ಲ."

ಮಾವ ಉರಿ ಸಣ್ಣ ಮಾಡಿದರು. "ನಮ್ಮ ಕಚೇರೀಲಿ ಒಬ್ಬ ಇದ್ದ. ಮಳೆ ಬಂದ್ರೆ ಮನೇಲೇ ಕೂತು ರೀಡಿಂಗ್ ಬರೆಯೋನು. ಒಂದ್ಸಲ ಒಂದು ಮನೆಗೆ ಇಪ್ಪತ್ತು ಯೂನಿಟ್ ಹೆಚ್ಚು ಬರೆದುಬಿಟ್ಟ. ಗೊತ್ತಾದ ಮೇಲೆ ಮಾಡೋಕೆ ಇರೋದು ಎರಡೇ. ಪುಸ್ತಕದಲ್ಲಿ ಆ ಅಂಕಿ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಹಿ ಹಾಕಬೇಕು. ಅಳಿಸಂಗಿಲ್ಲ, ಹಾಳೆ ಹರಿಯಂಗಿಲ್ಲ. ಗೆರೆ ಎಳೆದೋನ ಹೆಸರು ಮೇಲಿನವರಿಗೆ ಹೋಗುತ್ತೆ. ಇಲ್ಲಾ, ಬಾಯಿ ಮುಚ್ಕೊಂಡು ಕಾಯಬೇಕು. ಮೀಟರೇ ತಿರುಗಿ ತಿರುಗಿ ಆ ಅಂಕಿಗೆ ಬರೋವರೆಗೂ."

"ಅವನೇನು ಮಾಡಿದ?"

"ಕಾದ. ನಾನು ಅವನನ್ನ ಬಹಳ ಬೈದಿದ್ದೆ." ಸೀದ ಈರುಳ್ಳಿಯನ್ನು ತಟ್ಟೆಗೆ ಸುರಿದುಕೊಂಡರು. "ಇವತ್ತು ನಾನೂ ನೋಡದೆ ಬರೆದೆ. ಬೇರೆ ಅಂತ ಬರೆಸಿ ಆಯ್ತು, ಇನ್ನು ಮೀಟರೇ ಆ ಅಂಕಿಗೆ ಬರಬೇಕು."

*

ಎರಡು ದಿನದ ಮುನಿಸು, ಹೊಟ್ಟೆ ಹಸಿದರೆ ತಾವೇ ಬರುತ್ತಾರೆ ಅಂತ ಗಂಡ ಅಂದ. ಒಂದು ವಾರ ಆಯಿತು. ಎರಡಾಯಿತು. ಅಷ್ಟರಲ್ಲಿ ಸೂರಿನ ಮೇಲೆ ಹಲಗೆಗಳು ಕೂತವು, ಹಿಂದಿನ ಕೋಣೆಯ ಬ್ಯಾಟರಿಯಿಂದ ಮರಿಪೆಟ್ಟಿಗೆಗೆ ಮಗಳೇ ತಂತಿ ಎಳೆದಳು. ಹೊಸ ಮೊಟ್ಟೆ ಇಟ್ಟ ಮೂರನೇ ದಿನಕ್ಕೇ ಊರಿನ ಕರೆಂಟು ಹೋಯಿತು. ಪೆಟ್ಟಿಗೆಯ ಕೆಂಪು ದೀಪ ರೆಪ್ಪೆ ಸಹ ಹೊಡೆಯಲಿಲ್ಲ. ಸೊಸೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಹಿಗ್ಗಬೇಕಿತ್ತು. ಹಿಂದಿನಿಂದ ಮಾವ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು.

ಮಾವ ಕೋಪದಲ್ಲಿರಲಿಲ್ಲ. ಕೋಪವಾದರೂ ಇದ್ದಿದ್ದರೆ ಅವಳು ಎದುರುತ್ತರ ಕೊಡಬಹುದಿತ್ತು. ಅವರು ಪಕ್ಕದ ಮನೆಯವರಾಗಿಬಿಟ್ಟಿದ್ದರು, ಅದೂ ಒಳ್ಳೆಯ ಪಕ್ಕದ ಮನೆಯವರು. ಒಳಗೆ ಬರುವಾಗ ಬಾಗಿಲು ತಟ್ಟುತ್ತಿದ್ದರು. "ಇದೀರೇನಮ್ಮ?" ಅನ್ನುತ್ತಿದ್ದರು. ಒಂದು ಬೆಳಗ್ಗೆ ಬಟ್ಟಲು ಹಿಡಿದು ಸಕ್ಕರೆ ಕೇಳಿದರು. ಅವಳು ಬಟ್ಟಲು ತುಂಬಿ ಕೊಟ್ಟಳು. ನಾಲ್ಕನೇ ದಿನ ಅದೇ ಬಟ್ಟಲಲ್ಲಿ ಅಷ್ಟೇ ಸಕ್ಕರೆ, ಮೇಲೆ ಬೆರಳಾಡಿಸಿ ಸಮ ಮಾಡಿ, ವಾಪಸ್ಸು ತಂದಿಟ್ಟರು.

"ಮಾವ, ನನ್ನ ಹೊಟ್ಟೆ ಉರಿಸಬೇಡಿ."

"ಇದರಲ್ಲಿ ಉರಿಸೋದೇನಿದೆ ತಾಯಿ? ತಗೊಂಡಿದ್ದೆ, ಕೊಟ್ಟೆ."

"ಹಾಗಾದ್ರೆ ನಿಮ್ಮ ಮನೆ ಕರೆಂಟು ನನ್ನ ಪೆಟ್ಟಿಗೆಗೆ ಬರ್ತಿದೆ. ಅದಕ್ಕೆ ಬದಲು ದಿನಾ ಊಟ ತಗೊಳ್ಳಿ. ಸರಿಗೆ ಸರಿ."

ಮಾವ ಒಂದು ಗಳಿಗೆ ಯೋಚಿಸಿದರು.

"ಒಳ್ಳೆ ಮಾತೇ. ಆದ್ರೆ ಕಾಗದದಲ್ಲಿ ಒಲೆ ಬೇರೆ ಅಂತಿದೆಯಲ್ಲ. ಊಟ ತಗೊಂಡ್ರೆ ಒಲೆ ಒಂದಾಗಿಬಿಡುತ್ತೆ."

ಅವರಿಗೆ ಅಡುಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಆಲೂಗಡ್ಡೆಯೊಂದೇ, ಅದಕ್ಕೂ ಉಪ್ಪಿನ ಅಳತೆ ಸಿಗುತ್ತಿರಲಿಲ್ಲ. ಹಾಕಿದ್ದು ಮರೆತು ಇನ್ನೊಮ್ಮೆ ಹಾಕುತ್ತಿದ್ದರು. ಮೊಮ್ಮಗಳು ಒಂದು ದಿನ ಅವರ ಜೊತೆ ಉಂಡು ಬಂದು ಮೂರು ಲೋಟ ನೀರು ಕುಡಿದಳು. ಮಾವನ ಎಡಗೈಯ ಹೆಬ್ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಕೇಳಿದರೆ, "ಏನಿಲ್ಲ, ಒಲೆ ಪರಿಚಯ ಮಾಡ್ಕೊಳ್ತಿದೆ," ಅಂದರಂತೆ.

ಊರಬಾಯಿಗೆ ಮುಚ್ಚಳ ಉಂಟೇ? ಹಾಲಿನ ಅಂಗಡಿಯ ಮುಂದೆ ಅವಳು ಹೋದ ಕೂಡಲೇ ಮಾತು ನಿಲ್ಲುತ್ತಿತ್ತು. ಒಬ್ಬಳಂತೂ ಮುಖಕ್ಕೇ ಅಂದಳು: "ಕೋಳಿಮರಿಗೆ ಬೆಚ್ಚಗಿನ ಪೆಟ್ಟಿಗೆ, ಮಾವನಿಗೆ ಹಿಂದಿನ ಕೋಣೆ. ನಡೀಲಿ ನಡೀಲಿ." ಸೊಸೆ ಹಾಲು ಹಿಡಿದು ಬಂದಳು. ನಾನು ಹೊರಗೆ ಹಾಕಿಲ್ಲ ಅಂತ ಹೇಳಬಹುದಿತ್ತು. ಹಾಗಾದರೆ ಯಾಕೆ ಬೇರೆ ಉಣ್ಣುತ್ತಾರೆ ಅಂತ ಕೇಳಿದರೆ ಏನು ಹೇಳುವುದು? ಬಿಸಿ ತುತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ನೀವಾದ್ರೂ ಹೇಳ್ರೀ ನಿಮ್ಮಪ್ಪನಿಗೆ," ಅಂದಳು ಗಂಡನಿಗೆ. ಅವನು ಬಸ್ಸಿಗೆ ಹೊರಡಲು ಶೂ ಕಟ್ಟುತ್ತಿದ್ದ.

"ಏನಂತ ಹೇಳಲಿ?"

"ಬಂದು ಉಣ್ಣಿ ಅಂತ."

"ನಿನ್ನೆ ಹೇಳಿದೆ. 'ನಿನಗೆ ಗಾದೆ ಸಿಕ್ಕಿದ್ರೆ ಆಡದೆ ಇರೋಕಾಗಲ್ಲ, ಇದೆಲ್ಲ ಅಲ್ಲಿಂದಲೇ ಶುರುವಾಗಿದ್ದು' ಅಂದ್ರು." ಅವನು ದಾರ ಬಿಗಿಯುತ್ತಲೇ ಇದ್ದ. "ಸಹಿ ಹಾಕಿಸಿದೋಳು ನೀನು ಕಣೇ."

"ಹೌದು. ಬ್ಯಾಟರಿ ಬಂದಾಗ ಬೀದಿಗೆಲ್ಲ ತೋರಿಸಿದೋರು ಯಾರು?"

"ಅರ್ಜಿ ತುಂಬಿದ್ದು ನಾನು," ಅಂದಳು ಮಗಳು ಒಳಗಿನಿಂದ. "ನನ್ನನ್ನೂ ಸೇರಿಸ್ಕೊಳ್ಳಿ. ಸಬ್ಸಿಡಿ ಬೇಕು ಅಂತ ತಾತನ ಹತ್ರ ಅಷ್ಟು ವಾದ ಮಾಡಿದೋಳು ನಾನೇ. ಈಗ ಅವರು ಎದುರು ಸಿಕ್ಕಿದ್ರೆ ಬಾಯಿ ಬರಲ್ಲ. ನಮ್ಮಂಥೋರು ಹಿಂಗೆ ಮಾಡಿದ್ರೆ ರೇಡಿಯೋದಲ್ಲಿ ಬೇಡ ಅನ್ನೋನು ಗೆದ್ದಂಗೇ ಅಲ್ವಾ?"

ಗಂಡ ಎದ್ದು ಬಸ್ಸಿಗೆ ಹೋದ. ಹೊರಗೆ ಬಸ್ಸಿನ ಹಾರನ್ನು ಬೇಕಿಲ್ಲದಿದ್ದರೂ ಎರಡು ಸಲ ಆಯಿತು.

*

ಇಪ್ಪತ್ತೊಂದನೇ ದಿನ ನೂರಾ ನಲವತ್ತಮೂರು ಮರಿ ಎದ್ದವು. ಪೆಟ್ಟಿಗೆ ತಂದ ಮೇಲೆ ಅಷ್ಟು ಮರಿ ಯಾವತ್ತೂ ಆಗಿರಲಿಲ್ಲ. ಊರವರು ಬುಟ್ಟಿ ಹಿಡಿದು ಬಂದರು. ಕೊನೆಗೆ ಬಂದವಳು ಹೊಲಿಗೆಯವಳು. ಮೂರು ಬೀದಿಯಾಚೆ ಸ್ವಂತದ್ದೊಂದು ತಗಡಿನ ಮನೆ, ಒಂದು ಹೊಲಿಗೆ ಯಂತ್ರ, ಇಷ್ಟೇ ಅವಳ ಆಸ್ತಿ. ಹೋದ ಸಲ ಸತ್ತ ಮೊಟ್ಟೆಗಳಲ್ಲಿ ಇಪ್ಪತ್ತೆರಡು ಅವಳದಿದ್ದವು. ಒಂದು ಮಾತೂ ಆಡದೆ ಈ ಸಲ ಮತ್ತೆ ತಂದುಕೊಟ್ಟಿದ್ದಳು.

"ನಿಮ್ಮ ಕೈ ಒಳ್ಳೇದಕ್ಕ," ಅಂದಳು, ಮರಿಗಳನ್ನು ಒಂದೊಂದೇ ಬುಟ್ಟಿಗಿಳಿಸುತ್ತಾ. ಅಂಗಳದ ಮೆಟ್ಟಿಲಿಳಿಯುವಾಗ ಮಂಡಿ ಹಿಡಿದುಕೊಂಡಳು.

"ಕಾಲಿಗೇನಾಯ್ತು?"

"ತುಳಿದು ತುಳಿದು. ಯಂತ್ರಕ್ಕೆ ಮೋಟಾರು ಹಾಕಿಸಿದೆ, ಕರೆಂಟು ಇದ್ರೆ ತಾನೇ? ಶಾಲೆ ಬಟ್ಟೆ ಹೊಲಿಯೋ ತಿಂಗಳಲ್ಲೇ ಅದಕ್ಕೆ ಹೋಗೋ ಚಾಳಿ. ಸೋಲಾರಿಗೆ ಅರ್ಜಿ ಹಾಕಿದ್ದೆ. ನಲವತ್ತೊಂದನೇ ನಂಬರು." ಅವಳು ನಕ್ಕಳು. "ಬಾಗಿಲ ತನಕ ಬಂದು ಹೊಸ್ತಿಲು ದಾಟಲಿಲ್ಲ ನೋಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೊಸೆ ಮೀಟರ್ ಪೆಟ್ಟಿಗೆಯ ಕಡೆ ನೋಡಬಾರದು ಅಂದುಕೊಂಡೇ ನೋಡಿದಳು. ಹೊಲಿಗೆಯವಳ ಕಣ್ಣೂ ಅವಳ ಹಿಂದೆಯೇ ಹೋಯಿತು.

"ಓ, ನಲವತ್ತು ತಾತನದ್ದಾ?"

ಹಿಂದಿನ ಕೋಣೆಯ ಬಾಗಿಲಲ್ಲಿ ಮಾವ ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಚಾಕು ನಿಂತಿತು.

"ಬಿಡಿ, ಅವರಿಗೇ ಸಿಗಲಿ," ಅಂದಳು ಹೊಲಿಗೆಯವಳು ದನಿ ತಗ್ಗಿಸಿ. "ಈ ವಯಸ್ಸಲ್ಲಿ ಒಬ್ರೇ ಬೇಯಿಸ್ಕೊಂಡು ಇರೋರು. ಯಾರೋ ಉಳ್ಳೋರಿಗೆ ಹೋಗಿದ್ರೆ ಹೊಟ್ಟೆ ಉರೀತಿತ್ತು. ಇದಕ್ಕಿಲ್ಲ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಅಕ್ಕ, ಊರಲ್ಲಿ ಏನೇನೋ ಅಂತಾರೆ. ನಾನು ನಂಬಲ್ಲ."

ಅವಳು ಹೋದ ಮೇಲೆ ಮಾವ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಗಲು ಹೊತ್ತು ಆ ಬಾಗಿಲು ಹಾಕಿದ್ದನ್ನು ಸೊಸೆ ನೋಡಿರಲಿಲ್ಲ. ತನ್ನ ಪಾಲಿನ ಇಪ್ಪತ್ತೆಂಟು ಮರಿಗಳ ಪೆಟ್ಟಿಗೆಯ ಮುಂದೆ ಅವಳು ಕೈ ಕಟ್ಟಿ ನಿಂತಳು. ಅವು ಚಿಲಿಚಿಲಿ ಅನ್ನುತ್ತಲೇ ಇದ್ದವು.

ಮರುದಿನವೇ ಯೋಜನೆಯ ಕಚೇರಿಗೆ ಹೋದಳು. ಕಿಟಕಿಯಲ್ಲಿ ಕೂತ ಗುಮಾಸ್ತ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ.

"ನಲವತ್ತನೇ ನಂಬರು ವಾಪಸ್ ಕೊಡಬೇಕು."

"ಕೊಡೋರು ಇದೇ ಮೊದಲು ನೋಡಿ." ಒಂದು ನಮೂನೆ ತೆಗೆದು ಇಟ್ಟ. "ತುಂಬಿ, ತಾತನ ಸಹಿ ಹಾಕಿಸ್ಕೊಂಡು ಬನ್ನಿ. ಕಾರಣ ಏನು?"

"ಕಾರಣ ಅಂದ್ರೆ, ನಮ್ಮದು ಮೊದಲಿಂದಲೂ ಒಂದೇ ಒಲೆ ಇತ್ತು..."

ಗುಮಾಸ್ತ ಬಿಸ್ಕತ್ತು ಕೆಳಗಿಟ್ಟ. ಅಕ್ಕಪಕ್ಕ ನೋಡಿದ. "ಅಕ್ಕ, 'ಇತ್ತು' ಅನ್ನಬೇಡಿ. ಇತ್ತು ಅಂದ್ರೆ ಸುಳ್ಳು ಹೇಳಿಕೆ. ದಂಡ ಬೀಳುತ್ತೆ. ಅದಕ್ಕಿಂತ ಹೆಚ್ಚಾಗಿ, ತಾತನ ಹೆಸರು ಆ ಬೋರ್ಡಿಗೆ ಹೋಗುತ್ತೆ." ಗೋಡೆಯ ಮೇಲೆ ಗಾಜಿನ ಹಿಂದೆ, ಸುಳ್ಳು ಹೇಳಿ ಸಿಕ್ಕಿಬಿದ್ದವರ ಒಂದು ಪಟ್ಟಿ ಇತ್ತು. "'ಆಗಿದೆ' ಅಂತ ಬರೀರಿ. ಮೊದಲು ಎರಡಿತ್ತು, ಈಗ ಒಂದಾಗಿದೆ. ಹಲಗೆ ಬಿಚ್ಚಿಕೊಂಡು ಹೋಗ್ತಾರೆ, ಮುಗೀತು. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಆ ನಂಬರು ನಲವತ್ತೊಂದಕ್ಕೆ ಹೋಗುತ್ತಾ?"

"ಆಗಿದೆ ಅಂದ್ರೆ ಹೋಗಲ್ಲ. ಕೊಟ್ಟ ನಂಬರು ಬಳಸಿ ಆಯ್ತು ಅಂತ ಲೆಕ್ಕ. ಇತ್ತು ಅಂದ್ರೆ ಕೊಟ್ಟೇ ಇಲ್ಲ ಅಂತಾಗುತ್ತೆ, ಮುಂದಿನವರಿಗೆ ಹೋಗುತ್ತೆ. ಮುಂದಿನ ವರ್ಷ ಬರುತ್ತಲ್ಲ ಅನ್ನಬೇಡಿ. ಸಬ್ಸಿಡಿ ಇರುತ್ತೋ ಇಲ್ಲವೋ, ಮೇಲಿನವರು ಇನ್ನೂ ಕಿತ್ತಾಡ್ತಿದಾರೆ."

ಕಚೇರಿಯ ಜಗಲಿಯ ಮೇಲೆ ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಬೋರ್ಡಿನ ಪಟ್ಟಿಯಲ್ಲಿ ಏಳು ಹೆಸರಿದ್ದವು. ಎಂಟನೆಯದಾಗಿ ಮಾವನ ಹೆಸರು ಹೇಗೆ ಕಾಣುತ್ತದೆ ಅಂತ ನೋಡಿದಳು. ಆ ಬೀದಿಯಲ್ಲಿ ಅವರು ಮೀಟರ್ ನೋಡದ ಮನೆ ಒಂದಿರಲಿಲ್ಲ. ಹೊಲಿಗೆಯವಳ ಮಂಡಿ ನೆನಪಿಗೆ ಬಂತು. ಆಮೇಲೆ ಕಾರಣದ ಜಾಗದಲ್ಲಿ ಬರೆದಳು: ಒಲೆ ಒಂದೇ ಆಗಿದೆ.

*

ಸಂಜೆ ಹಿಂದಿನ ಕೋಣೆಯ ಬಾಗಿಲು ತಟ್ಟಿದಳು.

"ಬಾಮ್ಮ." ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು. ಮಾವ ಮಂಚದ ಮೇಲೆ ಕೂತಿದ್ದರು. ಒಂದು ತಿಂಗಳಲ್ಲಿ ಅಂಗಿಯ ಕಾಲರು ಕುತ್ತಿಗೆಯಿಂದ ದೂರ ಸರಿದಿತ್ತು.

"ಮಾವ, ನಲವತ್ತು ವಾಪಸ್ ಕೊಟ್ಬಿಡೋಣ. ಸಹಿ ಹಾಕಿ."

"ಪೆಟ್ಟಿಗೆ?"

"ಪೆಟ್ಟಿಗೆ ಹೇಗೋ ನಡೆಯುತ್ತೆ. ಕಡಿಮೆ ಮೊಟ್ಟೆ ಇಡ್ತೀನಿ."

ಮಾವ ಕನ್ನಡಕ ಹುಡುಕಿ ಹಾಕಿಕೊಂಡರು. ಈ ಸಲ ಓದಿದರು. ಮೇಲಿನಿಂದ ಕೆಳಗಿನವರೆಗೂ, ತುಟಿ ಆಡಿಸುತ್ತಾ. ಕಾರಣದ ಸಾಲಿಗೆ ಬಂದಾಗ ತುಟಿ ನಿಂತಿತು.

"ಆಗಿದೆ ಅಂತ ಯಾರು ಹೇಳಿದ್ದು?"

"ಗುಮಾಸ್ತ. ಅದೇ ಒಳ್ಳೇದಂತೆ."

"ಯಾರಿಗೆ?"

ಅವಳು ಒಲೆ ನೋಡಿದಳು. ಈಗ ಅದರ ತುಂಬಾ ಕಲೆ.

"ಆ ಹುಡುಗಿಗೆ ಸಿಗುತ್ತಾ, ಹೀಗೆ ಬರೆದ್ರೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ," ಅಂದಳು. "ಇತ್ತು ಅಂತ ಬರೆದ್ರೆ ಸಿಗುತ್ತೆ. ಆದ್ರೆ ನಿಮ್ಮ ಹೆಸರು ಬೋರ್ಡಿಗೆ ಹೋಗುತ್ತೆ, ಮಾವ. ಊರವರೆಲ್ಲ ಓದೋ ಜಾಗ."

"ಹೂಂ," ಅಂದರು ಮಾವ.

ದಿಂಬಿನ ಕೆಳಗಿನಿಂದ ಪೆನ್ನು ತೆಗೆದರು. ಕಾಗದವನ್ನು ಮೊಣಕಾಲ ಮೇಲಿಟ್ಟು, 'ಆಗಿದೆ' ಮೇಲೆ ಒಂದು ಗೆರೆ ಎಳೆದರು. ನೆಟ್ಟಗಿನ ಗೆರೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ 'ಇತ್ತು' ಅಂತ ಬರೆದರು. ಅದರ ಪಕ್ಕದಲ್ಲಿ ಸಣ್ಣ ಸಹಿ, ಕೆಳಗೆ ದೊಡ್ಡ ಸಹಿ.

"ಮಾವ, ನಾನು ಬೇರೆ ನಮೂನೆ ತರ್ತೀನಿ..."

"ತಂದ್ರೆ ಅದರ ಮೇಲೂ ಇದೇ ಗೆರೆ ಎಳೀತೀನಿ. ಮೀಟರು ಆ ಅಂಕಿಗೆ ಬರಲಿ ಅಂತ ಒಂದು ತಿಂಗಳು ಕಾದೆ. ಬರಲ್ಲಮ್ಮ ಅದು. ನೀನು ತಟ್ಟೆ ಇಡೋ ಸದ್ದು ಇಲ್ಲಿಗೆ ಕೇಳುತ್ತೆ. ದಿನಾ ನಾಲ್ಕೇ ಇಡ್ತೀಯ."

ಅವಳು ಕಾಗದ ಕೈಗೆ ತೆಗೆದುಕೊಂಡಳು. ಹೆಸರೊಂದೇ ಇತ್ತು, ಅವರದು. ಪೆನ್ನು ಕೇಳಿ ಇಸಿದುಕೊಂಡು, ಗೋಡೆಗೆ ಕಾಗದ ಒತ್ತಿ, ಅವರ ಸಹಿಯ ಕೆಳಗೆ ಬರೆದಳು: ಹೀಗೆ ಹೇಳಿಸಿದವಳು ನಾನು. ಸಹಿ ಹಾಕಿದಳು. ಅಕ್ಷರ ಓರೆಯಾಯಿತು. ಅದನ್ನು ಯಾರು ಬರೆಯಲು ಹೇಳಿದರು ಅಂತ ಮಾವ ಕೇಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅನ್ನಬಹುದು ಅಂತ ಅವಳು ಒಂದು ಕ್ಷಣ ಕಾದದ್ದು ನಿಜ.

"ನಾಳೆ ಮೊದಲು ಹೊಲಿಗೆಯವಳ ಮನೆಗೆ ಹೋಗಿ ಹೇಳು," ಅಂದರು. "ಬೋರ್ಡ್ ನೋಡಿ ತಿಳಿಯೋದು ಬೇಡ."

"ಏನಂತ ಹೇಳಲಿ ಮಾವ?"

"ಮೊಟ್ಟೆ ಸತ್ತಾಗ ಹೇಗೆ ಹೇಳಿ ಬಂದೆ? ಹಾಗೇ." ಎದ್ದು ಬಗ್ಗಿ ನೋಡಿ ಒಲೆ ಆರಿಸಿದರು. "ನಡಿ. ಬೆಂದಿದೆ, ಇದನ್ನೂ ತರ್ತೀನಿ. ಚೆಲ್ಲೋದು ಯಾಕೆ?"

ಬಾಗಿಲು ತಟ್ಟದೆ ಒಳಗೆ ಬಂದರು. ಅವರ ಕುರ್ಚಿಯ ಮೇಲೆ ಮಗಳು ಪುಸ್ತಕ ಇಟ್ಟಿದ್ದಳು, ಸರಸರ ತೆಗೆದಳು. ಗಂಡ ಅಪ್ಪನನ್ನು ನೋಡಿ ಎದ್ದು ನಿಂತು, ಯಾಕೆ ನಿಂತೆ ಅಂತ ತಿಳಿಯದೆ ಮತ್ತೆ ಕೂತ. ಸೊಸೆ ಮಾಡಿದ ಬೇಳೆಯ ಪಕ್ಕದಲ್ಲಿ ಮಾವನ ಆಲೂಗಡ್ಡೆ ಪಾತ್ರೆ ಕೂತಿತು. ಅವರೇ ಎಲ್ಲರಿಗೂ ಎರಡೆರಡು ಚಮಚ ಹಾಕಿದರು.

ಮೊದಲ ತುತ್ತಿಗೆ ಮಗಳ ಕಣ್ಣು ದೊಡ್ಡದಾಯಿತು. ಗಂಡ ನೀರಿನ ಲೋಟಕ್ಕೆ ಕೈ ಹಾಕಿ, "ಉಪ್ಪು ತಿಂದೋನು..." ಅಂತ ಶುರು ಮಾಡಿದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅವಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ತಟ್ಟೆ ಖಾಲಿ ಮಾಡಿ, ಮಾವನ ಪಾತ್ರೆಯನ್ನೇ ಎಳೆದುಕೊಂಡು ಇನ್ನೂ ಎರಡು ಚಮಚ ಹಾಕಿಕೊಂಡಳು. ಗಂಡ ಎದ್ದು ಹೋಗಿ ಹೂಜಿ ತಂದ. ಒಬ್ಬೊಬ್ಬರ ಲೋಟಕ್ಕೂ ನೀರು ತುಂಬಿಸಿ, ಕೊನೆಗೆ ತನಗೂ ಬಗ್ಗಿಸಿಕೊಂಡ.